ಜಲಜಕ್ಕನ ಲೌಂಜ್ ಪ್ರವೇಶ

ಪ್ರೇಮಾನಂದನ ಕಷ್ಟಕ್ಕೆಲ್ಲ ಮೂಲ ಒಂದು ತಟ್ಟೆ ಉಪ್ಪಿಟ್ಟು. ಅದನ್ನು ಅವನು ತಿಂದವನಲ್ಲ, ಬಣ್ಣಿಸಿದ್ದ, ಅಷ್ಟೆ.

ಬ್ರಹ್ಮಾವರದ ಖಾಸಗಿ ಬ್ಯಾಂಕೊಂದರಲ್ಲಿ ಕ್ರೆಡಿಟ್ ಕಾರ್ಡ್ ಮಾರುವುದು ಅವನ ಕೆಲಸ. ಬೈಂದೂರಿನಿಂದ ಬ್ರಹ್ಮಾವರದ ತನಕ ಸಂತೆ, ಸೊಸೈಟಿ, ಮದುವೆ ಹಾಲ್ ಎನ್ನದೆ ಮಡಚುವ ಮೇಜು ಬಿಡಿಸಿ ಕೂರುತ್ತಿದ್ದ. ಬಡ್ಡಿ, ಪಾಯಿಂಟು ಎಂದು ಶುರು ಮಾಡಿದರೆ ಜನ ಬಸ್ಸು ಬಂತು ಎಂದು ಎದ್ದುಬಿಡುತ್ತಿದ್ದರು. ಒಂದು ದಿನ ಬಾಯಿಗೆ ಬಂದದ್ದನ್ನು ಹೇಳಿದ: "ಈ ಕಾರ್ಡ್ ಇದ್ರೆ ಏರ್‌ಪೋರ್ಟಗೆ ಲೌಂಜ್ ಅಂಬ್ದ್ ಒಂದ್ ಇತ್ತ್ ಕಾಣಿ. ಸೋಫಾದ ಮೇಲ್ ಕೂಕಂಡ್ ಬಿಸಿ ಬಿಸಿ ಉಪ್ಪಿಟ್ಟ್, ದೋಸೆ, ಕಾಫಿ, ಐಸ್‌ಕ್ರೀಮ್, ಎಲ್ಲ ಫ್ರೀ!"

ಎದ್ದವರು ಮತ್ತೆ ಕೂತರು. ಅವತ್ತಿನಿಂದ ಅವನು ಬೇರೇನೂ ಹೇಳಲಿಲ್ಲ. ವಿಮಾನ ಹತ್ತುವ ಯೋಚನೆಯೇ ಇಲ್ಲದವರೂ ಕಾರ್ಡ್ ತೆಗೆದುಕೊಂಡರು. ಪ್ರೇಮಾನಂದ ಸ್ವತಃ ವಿಮಾನ ಕಂಡದ್ದು ಅಂಗಳದಲ್ಲಿ ಕತ್ತೆತ್ತಿ ನಿಂತು ಮಾತ್ರ. ಲೌಂಜ್ ಕಂಡದ್ದು ಮೊಬೈಲಿನ ವಿಡಿಯೊದಲ್ಲಿ.

ಶನಿವಾರ ಬೆಳಿಗ್ಗೆ ಆರೂವರೆಗೆ ಅವನು ಬಾಯಲ್ಲಿ ಬ್ರಶ್ ಇಟ್ಟುಕೊಂಡು ಜಗಲಿಗೆ ಬರುವಾಗ ಗೇಟಿನೆದುರು ಒಂದು ಕಾರು ನಿಂತಿತ್ತು. ಒಳಗಿನಿಂದ ಬಾರ್ಕೂರಿನ ಜಲಜಕ್ಕ ಇಳಿದರು. ತೆಂಗಿನಕಾಯಿ ವ್ಯಾಪಾರದಲ್ಲಿ ಮೂವತ್ತು ವರ್ಷ ಪಳಗಿದ ಹೆಂಗಸು. ಕಾಯಿಯನ್ನು ಬೆರಳಲ್ಲಿ ತಟ್ಟಿ ಒಳಗೆ ನೀರಿದೆಯೋ ಇಲ್ಲವೋ ಹೇಳುವವರು. ಈಗ ಪ್ರೇಮಾನಂದನನ್ನೂ ಹಾಗೆಯೇ ನೋಡಿದರು.

"ಹ್ವಾಯ್ ಪ್ರೇಮಾನಂದ, ಬಾಯ್ ತೊಳ್ಕಂಡ್ ಬಾ. ಹೋಪ."

"ಎಲ್ಲಿಗೆ ಜಲಜಕ್ಕ?"

"ಬಜ್ಪೆ ಏರ್‌ಪೋರ್ಟಿಗೆ. ಮಗ್ಳ್ ಮನಿಗೆ ಮುಂಬೈಗ್ ಹೋತೆ ನಾನ್. ಹೋದ್ ಸಲ ನೀ ಕೊಟ್ಟ್ ಕಾರ್ಡ್ ಹಿಡ್ಕಂಡ್ ಲೌಂಜಿಗ್ ಹೋದ್ರೆ, ಬೀಗ್ರ್ ಎದ್ರ್ ಬಾಗ್ಲಿಂದ್ಲೇ ತಿರ್ಗ್ಸಿ ಕಳ್ಸ್ರ್. ಬೀಗಿತ್ತಿ ಒಳ್ಗ್ ಕೂಕಂಡ್ ಐಸ್‌ಕ್ರೀಮ್ ತಿಂದ್ಲ್, ನಾನ್ ಹೊರ್ಗ್ ಕಂಬ ಒರ್ಗಿ ನಿಂತೆ. ಇವತ್ತ್ ನೀನೇ ಬಂದ್ ಒಳ್ಗ್ ಕೂರ್ಸ್ಕ್. ಇಲ್ದಿದ್ರೆ ಕಾರ್ಡ್ ನಿನ್ ಮ್ಯಾನೇಜರಿನ್ ಮೇಜಿನ್ ಮೇಲ್ ಬಿಸಾಡಿ ಹೋತೆ."

ಮ್ಯಾನೇಜರ್ ಎಂಬ ಮಾತು ಕೇಳಿದ್ದೇ ಪ್ರೇಮಾನಂದ ಬಾಯಲ್ಲಿದ್ದ ಪೇಸ್ಟಿನ ನೊರೆಯನ್ನು ನುಂಗಿದ. ಈ ತಿಂಗಳು ಆಗಲೇ ನಾಲ್ಕು ಕಾರ್ಡು ವಾಪಸ್ ಬಂದಿದ್ದವು. "ಐದನೆಯದು ಬಂದರೆ ಅದರ ಹಿಂದೆಯೇ ನೀನೂ ಹೊರಡು" ಎಂದು ಮ್ಯಾನೇಜರ್ ಮೊನ್ನೆಯಷ್ಟೇ ಹೇಳಿದ್ದರು.

ಒಳಗಿನಿಂದ ಹೆಂಡತಿ ವಿಜೇತಾ ಕೇಳಿದಳು, "ತಿಂಡಿ ತಿಂದ್ಕಂಡ್ ಹೋಪುದಿಲ್ಯಾ?"

"ತಿಂಡಿ ಎಂತಕೆ?" ಎಂದರು ಜಲಜಕ್ಕ. "ಅಲ್ಲ್ ಎಲ್ಲ ಫ್ರೀ ಅಲ್ದಾ? ಇವ್ನೇ ಹೇಳಿದ್."

ಬ್ಯಾಂಕಿನ ಹೆಸರಿದ್ದ ಹಳದಿ ಟೀ ಶರ್ಟು, ಕಾಲಿಗೆ ಹವಾಯಿ ಚಪ್ಪಲಿ ಹಾಕಿಕೊಂಡು ಪ್ರೇಮಾನಂದ ಬರೀ ಹೊಟ್ಟೆಯಲ್ಲಿ ಕಾರು ಹತ್ತಿದ. ಓಡಿಸುತ್ತಿದ್ದವನು ಜಲಜಕ್ಕನ ನೆರೆಮನೆಯ ಶೀನ. ಅವನಿಗೆ ತಿಳಿಯದ ವಿಷಯ ಈ ಭೂಮಿಯ ಮೇಲೆ ಇರಲಿಲ್ಲ. ತಿಳಿದದ್ದರಲ್ಲಿ ಸರಿಯಾದದ್ದು ಮಾತ್ರ ಕಡಿಮೆ. ಉಡುಪಿ ದಾಟುವ ತನಕ ವಿಮಾನದ ರೆಕ್ಕೆಯೊಳಗೆ ಎಂತೆಂತ ಇರುತ್ತದೆ ಎಂದು ವಿವರಿಸಿದ.

ನಿಲ್ದಾಣದ ಬಾಗಿಲಲ್ಲಿ ಜಲಜಕ್ಕ ಟಿಕೆಟ್ ತೋರಿಸಿ ಒಳಗೆ ಕಾಲಿಟ್ಟರು. ಹಿಂದಿನಿಂದ ಹೊರಟ ಪ್ರೇಮಾನಂದನ ಎದೆಗೆ ಬಂದೂಕಿನ ಜವಾನನ ಕೈ ಅಡ್ಡ ಬಂತು.

"ಟಿಕೆಟ್?"

"ನಂಗೆ ಎಲ್ಲಿಗೂ ಹೋಪುಕಿಲ್ಲೆ. ಇವ್ರನ್ನ್ ಲೌಂಜಿಗ್ ಬಿಟ್ಟ್ ಈಗ ಬತ್ತೆ."

ಜವಾನನಿಗೆ ಕನ್ನಡವೇ ಬಾರದು. ಬಂದಿದ್ದರೂ ಈ ಕನ್ನಡ ಬರುತ್ತಿರಲಿಲ್ಲ. ಟಿಕೆಟ್ ಇಲ್ಲದವನು ಹೊಸ್ತಿಲು ದಾಟುವಂತಿಲ್ಲ ಎಂದು ಕೈಯಲ್ಲೇ ಹೇಳಿದ. ಪ್ರೇಮಾನಂದನಿಗೆ ಒಳಗೊಳಗೇ ಸಂತೋಷವಾಯಿತು. "ಕಾಣಿ ಜಲಜಕ್ಕ, ನಾನೆಂತ ಮಾಡೂದ್? ಕಾನೂನ್!" ಎಂದು ಹಿಂದೆ ತಿರುಗಿದ.

ಕಾರು ಪಾರ್ಕ್ ಮಾಡಿ ಬಂದ ಶೀನ ಅಲ್ಲೇ ನಿಂತಿದ್ದ. "ಅದಕ್ಕೆಂತ ಮಾರಾಯ? ಅಗ್ಗದ್ದ್ ಒಂದ್ ಟಿಕೆಟ್ ತೆಗಿ. ವಿಮಾನ ಹತ್ತುಕೇನಿಲ್ಲೆ, ಒಳ್ಗ್ ಹೊಕ್ಕುಕ್ ಮಾತ್ರ. ಸಿನೆಮಾ ಟಿಕೆಟ್ ತೆಗ್ದ್ ಅರ್ಧದಗೆ ಎದ್ದ್ ಬಪ್ಪುದಿಲ್ಯಾ? ಹಾಂಗೆ."

"ತೆಗಿ ತೆಗಿ," ಎಂದರು ಜಲಜಕ್ಕ ಬಾಗಿಲ ಆಚೆಯಿಂದ. "ನಿನ್ ಹತ್ರವೂ ಕಾರ್ಡ್ ಇತ್ತಲ್ದಾ? ಅದ್ರಗೇ ತೆಗಿ. ಪಾಯಿಂಟ್ ಸಿಕ್ಕತ್ತ್ ಅಂದ್ ನೀನೇ ಹೇಳಿದ್ದೆ."

ಪ್ರೇಮಾನಂದನ ಮಾತೇ ಅವನ ಕೊರಳಿಗೆ ಬಿತ್ತು. ಶೀನ ಅವನ ಮೊಬೈಲು ಕಸಿದುಕೊಂಡು ಹುಡುಕಿದ. ಇದ್ದುದರಲ್ಲಿ ಅಗ್ಗದ್ದು ಬೆಂಗಳೂರಿಗೆ. ಅಗ್ಗ ಎಂದರೂ ಆ ದುಡ್ಡಿನಲ್ಲಿ ಬಸ್ಸಿನಲ್ಲಿ ನಾಲ್ಕು ಸಲ ಹೋಗಿ ಬರಬಹುದಿತ್ತು. ಟಿಕೆಟ್ ಆಯಿತು. ಕಿಸೆಯಲ್ಲಿ ಆಧಾರ್ ಕಾರ್ಡು ಇತ್ತು. ಇಲ್ಲದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನಿಸಿದ್ದು ಜೀವನದಲ್ಲಿ ಅದೇ ಮೊದಲು.

ಬೋರ್ಡಿಂಗ್ ಪಾಸ್, ತಪಾಸಣೆ, ಎಲ್ಲ ದಾಟಿ ಇಬ್ಬರೂ ಲೌಂಜಿನ ಬಾಗಿಲಿಗೆ ಬಂದರು. ಗಾಜಿನ ಆಚೆ ಸೋಫಾಗಳು ಎಮ್ಮೆಗಳ ಹಾಗೆ ಮೈ ಚೆಲ್ಲಿ ಮಲಗಿದ್ದವು. ಒಗ್ಗರಣೆಯ ಪರಿಮಳ ಬಂತು. ಪ್ರೇಮಾನಂದನ ಹೊಟ್ಟೆ ಬೆಳಗಿನಿಂದ ಮೊದಲ ಸಲ ಬಾಯಿಬಿಟ್ಟಿತು.

ಮೇಜಿನ ಹಿಂದೆ ಕಪ್ಪು ಕೋಟಿನ ಹುಡುಗಿ. ಎದೆಯ ಮೇಲೆ ತೃಷಾ ಎಂಬ ಹೆಸರಿನ ಪಟ್ಟಿ. ಜಲಜಕ್ಕ ಕಾರ್ಡ್ ಕೊಟ್ಟರು. ಹುಡುಗಿ ಯಂತ್ರಕ್ಕೆ ಹಾಕಿದಳು. ಯಂತ್ರ ಕೀಂ ಎಂದಿತು. ಹುಡುಗಿ ಮುಖ ಸಣ್ಣದು ಮಾಡಿ ಉದ್ದ ಇಂಗ್ಲಿಷಿನಲ್ಲಿ ಏನೋ ಹೇಳಿದಳು.

"ಎಂತ ಅಂಬ್ರ್ ಇವ್ರ್?" ಜಲಜಕ್ಕ ಕೇಳಿದರು.

"ಹಿಂದಿನ್ ಮೂರ್ ತಿಂಗ್ಳಗೆ ಈ ಕಾರ್ಡಗೆ ನೀವ್ ಎಂತವೂ ಖರ್ಚ್ ಮಾಡ್ಲಿಲ್ಯಂಬ್ರ್. ಇಷ್ಟ್ ಸಾವ್ರ ಅಂದ್ ಖರ್ಚ್ ಮಾಡಿರೆ ಮಾತ್ರ ಒಳ್ಗ್ ಬಿಡುದಂಬ್ರ್," ಎಂದ ಪ್ರೇಮಾನಂದ. ಈ ನಿಯಮ ಅವನಿಗೂ ಆಗಲೇ ಗೊತ್ತಾದದ್ದು. ಕಾರ್ಡಿನ ಜೊತೆ ಬಂದ ಸಣ್ಣ ಅಕ್ಷರದ ಪುಸ್ತಕವನ್ನು ಅವನು ಯಾವತ್ತೂ ಬಿಡಿಸಿರಲಿಲ್ಲ. "ನೀವ್ ಕಾರ್ಡ್ ಬಳ್ಸಲೇ ಇಲ್ಯಾ ಜಲಜಕ್ಕ?"

"ಬಳ್ಸುದಾ? ರೇಷ್ಮೆ ಸೀರಿ ಮಡ್ಕಿಯಗೆ ಇಟ್ಟಿದ್ದೆ. ದಿನಾ ಉಜ್ಜಿರೆ ಸವೆಯುದಿಲ್ಯಾ?"

ಅವರ ದನಿ ಏರಿತು. ಹಿಂದೆ ಸಾಲು ಬೆಳೆಯಿತು. ಸಾಲಿನಲ್ಲಿದ್ದ ಟೈ ಕಟ್ಟಿದವನೊಬ್ಬ ಕಾರ್ಡಿನ ಬಣ್ಣ ಬೇರೆ ಇರಬೇಕು ಎಂದ. ಇನ್ನೊಬ್ಬಾಕೆ ಕಾರ್ಡಿನ ಹೆಸರೂ ಬೋರ್ಡಿಂಗ್ ಪಾಸಿನ ಹೆಸರೂ ಒಂದೇ ಇರಬೇಕು ಎಂದಳು. ಮತ್ತೊಬ್ಬ ತಾನು ವರ್ಷಕ್ಕೆ ದುಡ್ಡು ಕಟ್ಟಿ ಬೇರೆಯೇ ಒಂದು ಕಾರ್ಡ್ ಇಟ್ಟುಕೊಂಡಿದ್ದೇನೆ, ಅದೇ ಒಳ್ಳೆಯದು ಎಂದು ತೋರಿಸಿದ. ಜಲಜಕ್ಕ ಯಾರ ಮಾತೂ ಕೇಳದೆ ಮೇಜಿಗೆ ಒಂದು ಗುದ್ದು ಹಾಕಿದರು.

"ಇಂಗ್ಲಿಷ್ ಬ್ಯಾಡ ಹೆಣ್ಣೇ. ಕನ್ನಡದಗೆ ಹೇಳ್. ನನ್ನನ್ನ್ ಬಿಡ್ತ್ಯಾ ಇಲ್ಯಾ?"

ಹುಡುಗಿ ಸುತ್ತ ನೋಡಿ ದನಿ ತಗ್ಗಿಸಿದಳು. "ಅಮ್ಮ, ಬೊಬ್ಬೆ ಹೊಡಿಬೇಡಿ. ನಾನೂ ನಿಮ್ ಕಡಿಯವ್ಳೇ, ಶಂಕರನಾರಾಯಣ ಊರ್. ನನ್ ಕೈಯಗೆ ಎಂತವೂ ಇಲ್ಲೆ, ಈ ಮಿಷನ್ ಹೇಳ್ದಾಂಗ್ ಕೇಣ್ಕ್. ಹೊಟ್ಟಿಗ್ ಹಾಕಣಿ."

"ಶಂಕರನಾರಾಯಣ ಎಲ್ಲಿ? ದೇವಸ್ಥಾನದ್ ಹತ್ರವಾ?" ಎಂದು ಜಲಜಕ್ಕ ಒಮ್ಮೆಲೇ ಮೆತ್ತಗಾದರು. ಎರಡು ನಿಮಿಷದಲ್ಲಿ ತೃಷಾಳ ಅಜ್ಜಿಯ ಮನೆ, ದೊಡ್ಡಪ್ಪನ ಅಂಗಡಿ ಎಲ್ಲ ಗುರುತಾಯಿತು. ಆದರೆ ಯಂತ್ರಕ್ಕೆ ಶಂಕರನಾರಾಯಣದ ಗುರುತು ಇರಲಿಲ್ಲ. ಅದು ಎರಡನೇ ಸಲವೂ ಕೀಂ ಎಂದಿತು.

"ನಿಮ್ದ್ ಕೊಡಿ, ಕಾಂಬ," ಎಂದಳು ತೃಷಾ ಪ್ರೇಮಾನಂದನಿಗೆ.

ಅವನ ಕಾರ್ಡ್ ಹಾಕಿದಳು. ಯಂತ್ರ ಹಸಿರು ದೀಪ ತೋರಿಸಿತು. ಈ ಮಳೆಗಾಲದ ಮೊದಲು ಮನೆಯ ಮಾಡಿನ ತಗಡು, ಗ್ರೈಂಡರು, ಇನ್ವರ್ಟರು ಎಲ್ಲ ಅವನು ಕಾರ್ಡಿನಲ್ಲೇ ತೆಗೆದುಕೊಂಡಿದ್ದ.

"ನೀವ್ ಹೋಯ್ಲಕ್ಕ್," ಎಂದಳು ತೃಷಾ. "ಒಬ್ರಿಗ್ ಮಾತ್ರ."

ಜಲಜಕ್ಕ ಪ್ರೇಮಾನಂದನನ್ನು ನೋಡಿದ ನೋಟಕ್ಕೆ ಹಸಿಕಾಯಿಯೂ ಎಣ್ಣೆ ಬಿಡುತ್ತಿತ್ತು. "ಹೌದಾ? ನನ್ನನ್ನ್ ಒಳ್ಗ್ ಕೂರ್ಸುಕ್ ಬಂದವ ನೀನ್. ಈಗ ನೀ ಒಳ್ಗೆ, ನಾ ಕಂಬಕ್ಕೆ. ಅಡ್ಡಿಲ್ಲೆ. ಹೋಗ್, ತಿನ್. ನಾನ್ ಈಗಳೇ ನಿನ್ ಮ್ಯಾನೇಜರಿಗ್ ಫೋನ್ ಮಾಡ್ತೆ."

ಅವರು ಮೊಬೈಲು ತೆಗೆದೇಬಿಟ್ಟರು. ಪ್ರೇಮಾನಂದ ಕೈ ಮುಗಿದು ತೃಷಾಳನ್ನು ಕೇಳಿದ, "ದುಡ್ಡ್ ಕೊಟ್ರೆ ಬಿಡ್ತ್ರ್ಯಾ?"

"ಬಿಡ್ತೊ. ಎರಡ್ ಗಂಟಿಗ್ ಒಬ್ರಿಗ್ ಇಷ್ಟ್," ಎಂದು ಅವಳು ಹಲಗೆ ತೋರಿಸಿದಳು. ಪ್ರೇಮಾನಂದ ಅದನ್ನು ಎರಡು ಸಲ ಓದಿದ. ಅಷ್ಟು ದುಡ್ಡಿಗೆ ಬ್ರಹ್ಮಾವರದಲ್ಲಿ ಒಂದು ಸಣ್ಣ ಸೀಮಂತದ ಊಟ ಮಾಡಿಸಬಹುದು. ಆದರೂ ಜಲಜಕ್ಕನಿಗೆ ಕಾಣದ ಹಾಗೆ ಬೆನ್ನು ತಿರುಗಿಸಿ ಕಾರ್ಡ್ ಉಜ್ಜಿದ. "ಆಯ್ತ್ ಜಲಜಕ್ಕ! ನಮ್ ಬ್ಯಾಂಕಿಂದ ಸ್ಪೆಷಲ್ ಪರ್ಮಿಶನ್!"

ಒಳಗೆ ಹೋದ ಜಲಜಕ್ಕ ಅತಿ ದೊಡ್ಡ ಸೋಫಾ ಹಿಡಿದರು. ಪ್ರೇಮಾನಂದ ಓಡಾಡಿದ. ಒಂದು ದೋಸೆ ತಂದ, ಚಟ್ನಿ ಮರೆತು ಮತ್ತೆ ಹೋದ. ಉಪ್ಪಿಟ್ಟು ತಂದ, ಸಕ್ಕರೆ ಇಲ್ಲವೆಂದು ಮತ್ತೆ ಕಳಿಸಿದರು. ಐಸ್‌ಕ್ರೀಮ್ ತಂದ ಮೇಲೆ, ಅದನ್ನು ಹಿಡಿದಿರುವ ಫೋಟೊ ತೆಗೆದು ಬೀಗಿತ್ತಿಗೆ ಕಳಿಸುವ ಕೆಲಸವೂ ಅವನದೇ ಆಯಿತು. ಮೂರು ಸಲ ಕಣ್ಣು ಮುಚ್ಚಿತ್ತು ಎಂದು ಮತ್ತೆ ತೆಗೆಸಿದರು. ಕಡೆಗೆ "ಅಡ್ಡಿಲ್ಲೆ ಮಗಾ, ಒಳ್ಳೆ ಕಾರ್ಡ್" ಎಂದರು.

ಕೆಲಸ ಉಳಿಯಿತು. ಪ್ರೇಮಾನಂದ ಜೀವ ತಣ್ಣಗಾಗಿ ತನಗೊಂದು ತಟ್ಟೆ ಉಪ್ಪಿಟ್ಟು ಬಡಿಸಿಕೊಂಡು ಎರಡು ಚಮಚ ಬಾಯಿಗಿಟ್ಟ. ಆಗ ಬಾಗಿಲು ತೆರೆದು ಜನ ನುಗ್ಗಿದರು. ಮುಂಬೈಯಲ್ಲಿ ಜೋರು ಮಳೆ, ಅಲ್ಲಿಗೆ ಹೋಗುವ ವಿಮಾನ ಮೂರು ಗಂಟೆ ತಡ. ಕಾಯುವವರಿಗೆಲ್ಲ ವಿಮಾನ ಕಂಪನಿಯವರು ಚೀಟಿ ಕೊಟ್ಟು ಲೌಂಜಿಗೆ ಕಳಿಸಿದ್ದರು.

ತೃಷಾ ಓಡಿ ಬಂದಳು. "ಅಣ್ಣ, ಜಾಗ ಸಾಲುದಿಲ್ಲೆ. ನಿಮ್ದ್ ಬೆಂಗ್ಳೂರ್ ವಿಮಾನ ಅಲ್ದಾ? ಅದ್ ಸಮ ಟೈಮಿಗೆ ಇತ್ತ್. ನಿಮ್ ಹೆಸ್ರ್ ಕರಿತಿದ್ರ್, ಕೇಣ್ತಿಲ್ಯಾ?"

ಮೇಲಿನ ಸ್ಪೀಕರಿನಲ್ಲಿ ಪ್ರೇಮಾನಂದನ ಹೆಸರು ಕಳುವಾದ ದನದ ವಿವರದ ಹಾಗೆ ಮೂರು ಭಾಷೆಯಲ್ಲಿ ಬರುತ್ತಿತ್ತು. ತಟ್ಟೆ ಅಲ್ಲೇ ಉಳಿಯಿತು. "ಬತ್ತೆ ಜಲಜಕ್ಕ" ಎಂದು ಅವನು ಮೆಲ್ಲನೆ ಹೊರಗೆ ಹೋಗುವ ದಾರಿ ಹಿಡಿದ. ಶೀನ ಕಾರಿನಲ್ಲಿ ಕಾಯುತ್ತಿದ್ದ.

ತಪಾಸಣೆಯ ಬಳಿ ಜವಾನ ತಡೆದು ಎಲ್ಲಿಗೆ ಎಂದು ಕೇಳಿದ. "ಕಹಾಂ?"

"ಘರ್."

"ಘರ್ ಕಹಾಂ?"

"ಬ್ರಹ್ಮಾವರ."

ಜವಾನ ಬೋರ್ಡಿಂಗ್ ಪಾಸ್ ನೋಡಿದ. "ಟಿಕೆಟ್ ತೋ ಬೆಂಗಳೂರು ಕಾ ಹೈ. ಜಾನಾ ನಹೀಂ ಥಾ ತೋ ಲಿಯಾ ಕ್ಯೋಂ?"

ಹೋಗದವನು ಟಿಕೆಟ್ ತೆಗೆದದ್ದೇಕೆ ಎಂಬುದಕ್ಕೆ ಪ್ರೇಮಾನಂದ ಸುಳ್ಳು ಹೇಳುವುದು ಬೇಡ ಎಂದುಕೊಂಡ. "ಉಪ್ಪಿಟ್ಟು ಖಾನೇ ಕೇ ಲಿಯೇ." ತಿನ್ನುವ ಸನ್ನೆಯನ್ನೂ ಮಾಡಿ ತೋರಿಸಿದ.

ಜವಾನ ಅವನ ಹಳದಿ ಟೀ ಶರ್ಟು ನೋಡಿದ, ಹವಾಯಿ ಚಪ್ಪಲಿ ನೋಡಿದ, ಕೈಯಲ್ಲಿ ಒಂದು ಚೀಲವೂ ಇಲ್ಲದ್ದನ್ನು ನೋಡಿದ. ಇನ್ನೊಬ್ಬ ಜವಾನನನ್ನು ಕರೆದ. ಅವನು ಮೂರನೆಯವನನ್ನು ಕರೆದ. ಮೂರನೆಯವನ ಜೊತೆ ಒಂದು ನಾಯಿ ಬಂದು ಪ್ರೇಮಾನಂದನ ಮೊಣಕಾಲು ಮೂಸತೊಡಗಿತು.

ಅಷ್ಟರಲ್ಲಿ ವಿಮಾನ ಕಂಪನಿಯ ಹುಡುಗ ಏದುಸಿರು ಬಿಡುತ್ತ ಬಂದ. "ಸರ್, ನೀವಾ ಪ್ರೇಮಾನಂದ? ಹೊರಗೆ ಹೋಗಬೇಕಂದ್ರೆ ಮೇಲಿನವರು ಬರಬೇಕು, ಯಾಕೆ ಹೋಗಲ್ಲ ಅಂತ ಬರೆದುಕೊಡಬೇಕು, ಇವರೆಲ್ಲ ವಿಚಾರಿಸಬೇಕು. ಸಂಜೆಯಾಗುತ್ತೆ. ಅದಕ್ಕಿಂತ ಹತ್ತಿಬಿಡಿ ಸರ್, ಒಂದೇ ಗಂಟೆ!"

ನಾಯಿ ಒಮ್ಮೆ ಬೊಗಳಿತು. ಪ್ರೇಮಾನಂದ ಓಡಿ ವಿಮಾನ ಹತ್ತಿದ.

ಕಿಟಕಿ ಸೀಟೇ ಸಿಕ್ಕಿತ್ತು, ಆದರೆ ಅವನು ಕಣ್ಣು ಬಿಡಲಿಲ್ಲ. ಬೆಂಗಳೂರಿನಲ್ಲಿ ಇಳಿದಾಗ ಹೊಟ್ಟೆ ಬೆನ್ನಿಗೆ ಅಂಟಿತ್ತು. ಶೀನನಿಗೆ ಫೋನ್ ಮಾಡಿ "ನೀ ಹೋಗ್ ಮಾರಾಯ, ನಂದ್ ತಡ ಆತ್ತ್" ಎಂದಷ್ಟೇ ಹೇಳಿದ. ಆಮೇಲೆ ಹೊಸ ಧೈರ್ಯ ಬಂತು. ಕಾರ್ಡು ಉಂಟಲ್ಲ, ಹಸಿರು ದೀಪದ ಕಾರ್ಡು! ಒಬ್ಬ ಕಾವಲಿನವನನ್ನು ಲೌಂಜ್ ಎಲ್ಲಿ ಎಂದು ಕೇಳಿದ.

"ಲೌಂಜ್ ಹೊರಡೋರಿಗೆ ಸಾರ್. ನೀವು ಬಂದಿಳಿದೋರು. ಇನ್ನೊಂದು ಟಿಕೆಟ್ ತಗೊಂಡು ಬನ್ನಿ, ಬಿಡ್ತಾರೆ."

ಪ್ರೇಮಾನಂದ ಕಾರ್ಡನ್ನು ಕಿಸೆಯೊಳಗೆ ಆಳಕ್ಕೆ ತಳ್ಳಿ, ಹೊರಗೆ ಬಂದು ಬಸ್ಸು ಹಿಡಿದು ಊರಿನ ಬಸ್ಸು ಹೊರಡುವಲ್ಲಿಗೆ ಹೋದ. ಎರಡು ಬಾಳೆಹಣ್ಣು ತಿಂದ. ಸಂಜೆ ಏಳಕ್ಕೆ ಬಸ್ಸಿಗೆ ಕಾಯುತ್ತಿರುವಾಗ ಮುಂಬೈಯಿಂದ ಫೋನ್ ಬಂತು.

"ಪ್ರೇಮಾನಂದ, ಮುಟ್ಟಿದೆ ಮಗಾ. ನೀ ಹೋದ್ ಮೇಲ್ ಮತ್ತ್ ಮೂರ್ ಗಂಟಿ ಅಲ್ಲೇ ಇದ್ದೆ. ಊಟವೂ ಆಯ್ತ್. ಪಾಯಸ ಇತ್ತಿತ್ತ್."

"ಕೇಂಡ್ ಸಂತೋಷ ಆಯ್ತ್ ಜಲಜಕ್ಕ. ಇನ್ನ್ ಕಾರ್ಡಿನ್ ವಿಷ್ಯದಗೆ ಬೇಜಾರ್ ಇಲ್ಯಲ್ದಾ?"

"ಅದನ್ನೇ ಹೇಳುಕ್ ಮಾಡ್ದೆ. ಕಾರ್ಡ್ ಬ್ಯಾಡ ಅಂದ್ ಈಗಷ್ಟೇ ನಿನ್ ಮ್ಯಾನೇಜರಿಗೆ ಹೇಳ್ದೆ. ಅಲ್ಲ್ ಬಂದವ್ರ್ ಒಬ್ರ್ ಹತ್ರವೂ ಕಾರ್ಡ್ ಇಲ್ಲೆ ಮಾರಾಯ! ಬರೀ ಚೀಟಿ! ವಿಮಾನ ತಡ ಆದ್ರೆ ಸೈ, ಎಲ್ರಿಗೂ ಫ್ರೀ ಅಂಬ್ರ್. ಮತ್ತ್ ಕಾರ್ಡ್ ಎಂತಕೆ? ನೀ ಸುಮ್ನೆ ಜನ್ರಿಗ್ ಸುಳ್ಳ್ ಹೇಳಿ ಕೊಡುದ್."

ಪ್ರೇಮಾನಂದ ಬೆರಳು ಮಡಚಿ ಎಣಿಸಿದ, ಇದು ಐದನೆಯದು. ಪಕ್ಕದಲ್ಲಿ ಕಂಡಕ್ಟರ್ "ಕುಂದಾಪುರ, ಬೈಂದೂರ್, ಕುಂದಾಪುರ" ಎಂದು ಕೂಗುತ್ತಿದ್ದ.

"ಅದೆಂತ ಗಲಾಟಿ? ಎಲ್ಲಿದ್ದೆ ನೀ?" ಎಂದರು ಜಲಜಕ್ಕ.

"ಬೆಂಗ್ಳೂರಗೆ."

ಜಲಜಕ್ಕನ ದನಿ ನಿಧಾನವಾಗಿ, ಬುದ್ಧಿ ಹೇಳುವ ಹಾಗೆ ಬಂತು.

"ಕಾಣ್ ಮಗಾ, ಬೇಜಾರ್ ಮಾಡ್ಬೇಡ. ಕೆಲ್ಸದ್ ದಿನ ಹೀಂಗ್ ವಿಮಾನ ಹತ್ತಿ ಊರ್ ತಿರ್ಗಿರೆ ಯಾವ್ ಮ್ಯಾನೇಜರ್ ತಾನೇ ಇಟ್ಕಂತ?"