ಷಡ್ಡಕನ ಫುಕಟ್ ಸಾಫ್ಟ್‌ವೇರ್

ಕೆಲವರ ಬಾಳಿನಲ್ಲಿ ಇಂಥ ಫಜೀತಿಗಳು ಎಂದೋ ಒಮ್ಮೆ ನಡೆಯುತ್ತವೆ. ನನ್ನ ಬಾಳಿನಲ್ಲಿ ಹಬ್ಬ ಹುಣ್ಣಿಮೆಗೆ ತಪ್ಪದೆ ನಡೆಯುತ್ತವೆ. ಕಾರಣ ಬೇರೇನಿಲ್ಲ. ಜಹೀರಾಬಾದಿನಲ್ಲಿ ನನ್ನದೊಂದು ಫೋಟೋ-ವಿಡಿಯೋ ಅಂಗಡಿ. ತಾಂಡೂರಿನಲ್ಲಿ ನನ್ನ ಷಡ್ಡಕನದೂ ಅಂಥದೇ ಒಂದು ಅಂಗಡಿ. ನಾರಾಯಣಖೇಡದಲ್ಲಿ ನಮ್ಮಿಬ್ಬರಿಗೂ ಸೇರಿ ಒಬ್ಬರೇ ಮಾವ. ಅವರ ಹಿರಿಯ ಮಗಳನ್ನು ನಾನು, ಕಿರಿಯ ಮಗಳನ್ನು ಅವನು ಮದುವೆಯಾಗಿದ್ದೇವೆ. ನ್ಯಾಯವಾಗಿ ನಾನೇ ದೊಡ್ಡ ಅಳಿಯ. ಆದರೆ ಮಾವನವರ ಬಾಯಲ್ಲಿ "ನಮ್ಮ ಅಳಿಯ" ಎಂದು ಬಂದರೆ ಅದು ಅವನು. ನಾನು ಬರೀ "ಜಹೀರಾಬಾದ್‌ನವರು."

ಹೊಟ್ಟೆಕಿಚ್ಚೇ ಎಂದು ಯಾರಾದರೂ ಕೇಳಿದರೆ ನಾನು ಮುಚ್ಚಿಡುವವನಲ್ಲ. ಹೌದು, ಹೊಟ್ಟೆಕಿಚ್ಚೇ. ಅವನ ಅಂಗಡಿಯಲ್ಲಿ ಡಿಸ್ಕ್ ಒಂದೊಂದಾಗಿ ತಯಾರಾದಷ್ಟೂ ನನ್ನ ಹೊಟ್ಟೆ ಉರಿಯುತ್ತಿತ್ತು.

ಹೆಸರು ಕೇಳಿದರೆ

ಮನೆಮನೆಯಲ್ಲೂ ಡಿವಿಡಿ ಪ್ಲೇಯರ್ ಇದ್ದ ವರ್ಷಗಳವು. ಮದುವೆಯಾಗಲಿ ತೊಟ್ಟಿಲಾಗಲಿ, ವಿಡಿಯೋ ತೆಗೆದು ಡಿಸ್ಕಿಗೆ ಇಳಿಸಿ ಕೊಡಬೇಕು. ನಮ್ಮ ಅಂಗಡಿಗಳ ಮಾತಿನಲ್ಲಿ ಅದಕ್ಕೆ 'ಬರ್ನ್ ಮಾಡುವುದು' ಎಂದು ಹೆಸರು. ಅದಕ್ಕೊಂದು ಸಾಫ್ಟ್‌ವೇರ್ ಬೇಕು. ನನ್ನಲ್ಲಿ ಡಿವಿಡಿ ರೈಟರಿನ ಜೊತೆ ಬಂದದ್ದೊಂದಿತ್ತು. ಮೂರು ಡಿಸ್ಕ್ ಹಾಕಿದರೆ ಒಂದು ಕೆಡುತ್ತಿತ್ತು. ಕೆಟ್ಟವನ್ನು ನನ್ನ ಹೆಂಡತಿ ಗಿಳಿ ಓಡಿಸಲೆಂದು ಅಂಗಳದ ದಾಳಿಂಬೆ ಗಿಡಕ್ಕೆ ಕಟ್ಟುತ್ತಿದ್ದಳು. ಕೊನೆಗೆ ಗಿಡದಲ್ಲಿ ಹಣ್ಣಿಗಿಂತ ಡಿಸ್ಕೇ ಹೆಚ್ಚಾದವು.

ಷಡ್ಡಕ ಒಂದು ದಿನ ಫೋನಿನಲ್ಲಿ ಹೇಳಿದ: "ನಾ ಒಂದು ಫುಕಟ್ ಸಾಫ್ಟ್‌ವೇರ್ ಹಾಕ್ಕೊಂಡೀನ್ರಿ ಅಣ್ಣೋರೆ. ಮಸ್ಕಾ ಇದ್ದಂಗ ನಡೀತದ. ಇನ್ನಾತನಕ ಒಂದ್ ಡಿಸ್ಕ್ ಕೆಟ್ಟಿಲ್ಲ."

"ಹೆಸರೇನ್ರಿ ಅದರದು?"

"ಹೆಸರಾ? ನೋಡಿ ಹೇಳ್ತೀನ್ರಿ. ಈಗ ಗಿರಾಕಿ ಬಂದಾರ."

ಮರುದಿನ ಕೇಳಿದೆ, ಕರೆಂಟ್ ಹೋಗ್ಯಾದ ಎಂದ. ಅದರ ಮರುದಿನ ಕೇಳಿದೆ, ಊಟಕ್ಕ ಕುಂತೀನಿ ಎಂದ. ಊಟಕ್ಕೂ ಹೆಸರಿಗೂ ಏನು ಸಂಬಂಧ? ನನಗೆ ರೇಗಿಹೋಯಿತು. ಇಂಟರ್ನೆಟ್ಟಿನಲ್ಲಿ 'ಫ್ರೀ' ಎಂದು ಕಂಡದ್ದರ ಮೇಲೆಲ್ಲ ಒತ್ತಿ ಒಂದನ್ನು ಇಳಿಸಿಕೊಂಡೆ. ಅದು ಒಂಟಿಯಾಗಿ ಬರಲಿಲ್ಲ, ಬಳಗದ ಸಮೇತ ಬಂತು. ಪರದೆಯ ನೆತ್ತಿಯ ಮೇಲೆ ಹುಡುಕುವ ಪಟ್ಟಿಗಳು ಮೂರು, ಮೂಲೆಯಲ್ಲಿ ಬಾಲ ಅಲ್ಲಾಡಿಸುವ ನಾಯಿ, ಪಕ್ಕದಲ್ಲಿ ಅಮೆರಿಕದ ಯಾವುದೋ ಊರಿನ ಹವಾಮಾನ. ಅಲ್ಲಿ ಸದಾ ಹಿಮ ಬೀಳುತ್ತಿತ್ತು.

ಫೋಟೋ ತೆಗೆಸಲೆಂದು ಬಂದು ಕುಳಿತಿದ್ದ ನ್ಯಾಲ್ಕಲ್ ಕಡೆಯ ರೈತರೊಬ್ಬರು ಅದನ್ನೇ ನೋಡುತ್ತಿದ್ದರು. "ನಮ್ಮ ನ್ಯಾಲ್ಕಲ್‌ದ್ ತೋರಸ್ತದೇನ್ರಿ? ತೊಗರಿ ಬಿತ್ತೋದದ."

"ಇಲ್ರಿ, ಅಷ್ಟು ಬರಲ್ಲ."

ಅವರು ಟವೆಲ್ ಝಾಡಿಸಿ ಎದ್ದರು. "ಹೋಗ್ಲಿ ಬಿಡ್ರಿ. ನಾಳಿ ಮಗಳ ಮನಿಗಿ ತಾಂಡೂರಕ್ಕ ಹೊಂಟೀನಿ. ಅಲ್ಲೊಂದು ವಿಡಿಯೋ ಅಂಗಡಿ ಅದ. ಅವನ ಕಂಪ್ಯೂಟರ್‌ದಾಗ ಎಲ್ಲಾ ಬರ್ತದಂತ."

ಮೂವತ್ತು ದಿನ

ಎರಡನೆಯದು ಬಳಗವಿಲ್ಲದ ಸಾಧು ಸಾಫ್ಟ್‌ವೇರ್. ತಣ್ಣಗೆ ಕೆಲಸ ಮಾಡಿತು. ಒಂದು ಮದುವೆಯ ಡಿಸ್ಕ್ ಅದರಲ್ಲೇ ತಯಾರಿಸಿ, ತಿರುಗಿ ಹಾಕಿ ನೋಡದೆ ಕಳಿಸಿಬಿಟ್ಟೆ. ಷಡ್ಡಕನಿಗೆ ಫೋನ್ ಮಾಡಿ, "ನನಗೂ ಒಂದು ಛಲೋ ಫುಕಟ್ ಸಿಕ್ಕದ, ಹೆಸರು ಆಮ್ಯಾಲ ಹೇಳ್ತೀನಿ" ಎಂದು ಸೇಡೂ ತೀರಿಸಿಕೊಂಡೆ.

ಮೂರನೆಯ ದಿನ ಹುಡುಗಿಯ ಅಪ್ಪ ಡಿಸ್ಕ್ ಹಿಡಿದು ಬಂದರು. ಅದನ್ನು ಮೇಜಿನ ಮೇಲೆ ಕುಕ್ಕಿದರು. ಹಾಕಿ ನೋಡಿದೆ. ಪುರೋಹಿತರು ಮಂತ್ರ ಹೇಳುತ್ತಿದ್ದಾರೆ, ಹುಡುಗ ತಾಳಿ ಎತ್ತಿದ್ದಾನೆ, ಹುಡುಗಿ ತಲೆ ತಗ್ಗಿಸಿದ್ದಾಳೆ. ಇಬ್ಬರ ಮುಖದ ಮೇಲೂ ಅಡ್ಡಲಾಗಿ ದೊಡ್ಡ ಇಂಗ್ಲಿಷ್ ಅಕ್ಷರ: ಇದು ಟ್ರಯಲ್, ಇನ್ನು ಮೂವತ್ತು ದಿನ ಬಾಕಿ. ಫ್ರೀ ಎಂದದ್ದು ಬರೀ ಪರೀಕ್ಷೆಗೆ ಕೊಟ್ಟದ್ದಂತೆ.

"ಬೀಗರ ಮಂದಿ ಎಲ್ಲಾ ಕೂಡಿ ನೋಡ್ಲಾಕತ್ತಿದ್ರು," ಎಂದರು ಅವರು. "ಅವ್ರೊಳಗ ಒಬ್ಬಾವ ಎದ್ದು ನಿಂತು ಓದಿದ. ಮೂವತ್ತ ದಿನ ಇಟ್ಕೊಂಡು ನೋಡ್ರಿ, ಪಸಂದ್ ಬರಲಿಲ್ಲಂದ್ರ ವಾಪಸ್ ಮಾಡಬೌದು ಅಂತ ಬರದಾರ ಅಂದ."

"ಚಾಷ್ಟಿ ಮಾಡ್ಯಾರ ಬಿಡ್ರಿ, ನಗಸ್ಲಾಕ ಅಂದಾರ."

"ಚಾಷ್ಟಿ ಅನ್ನೋದು ನನಗೂ ತಿಳೀತದ. ಆದ್ರ ನಮ್ಮ ಅಳಿಯ ಅವತ್ತಿನಿಂದ ದಿನಾ ಎಣಸ್ಲಾಕತ್ಯಾನ!"

ಮಾವನ ಮನೆಯ ಟಿವಿ

ಮಾವನವರು ನಾಗಲಗಿದ್ದದ ಕಡೆ ಕನ್ನಡ ಶಾಲೆಯಲ್ಲಿ ಮಾಸ್ತರರಾಗಿದ್ದು ನಿವೃತ್ತರಾದವರು. ಒಂದು ಶ್ರಾವಣದಲ್ಲಿ ಅವರ ಮನೆಯ ಪೂಜೆಯನ್ನು ನಾನು ವಿಡಿಯೋ ತೆಗೆದೆ. ಅವರ ಹಳೆಯ ವಿದ್ಯಾರ್ಥಿಗಳು ಮಾಡಿದ ಸನ್ಮಾನವನ್ನು ಷಡ್ಡಕ ತೆಗೆದ. ಎರಡೂ ಡಿಸ್ಕುಗಳನ್ನು ಒಂದೇ ದಿನ ನೋಡುವುದೆಂದು ಗೊತ್ತಾಯಿತು. ಅತ್ತೆಯವರು ಹೋಳಿಗೆ ಮಾಡಿದ್ದರು.

ಮೊದಲು ಅವನದು. ಡಿಸ್ಕ್ ಒಳಗೆ ಹೋದದ್ದೇ ತಡ, ಟಿವಿಯಲ್ಲಿ ಹೂವು ಉದುರಿದವು. ಹೂವಿನ ನಡುವೆ ಮಾವನವರ ಹೆಸರು, ಅದೂ ಕನ್ನಡದಲ್ಲಿ, ಒತ್ತಕ್ಷರ ಕೂಡ ತಪ್ಪಿಲ್ಲ. ಹಿಂದಿನಿಂದ ಶಹನಾಯಿ. ಮಾವನವರು ಕುಳಿತಲ್ಲೇ ಎರಡಿಂಚು ಎತ್ತರವಾದರು. ಅತ್ತೆಯವರು ಅವನ ತಟ್ಟೆಗೆ ಬಿಸಿ ಹೋಳಿಗೆ ಹಾಕಿ ಮೇಲೆ ತುಪ್ಪ ಸುರಿದರು. ನನ್ನ ತಟ್ಟೆಯಲ್ಲಿ ಉಪ್ಪಿನಕಾಯಿ ಮಾತ್ರ ಇತ್ತು. ಅದನ್ನೇ ನೆಕ್ಕಿಕೊಂಡು ಕುಳಿತೆ.

ಆಮೇಲೆ ನನ್ನದು. ಅದು ನಾನು ಆರಿಸಿದ ಮೂರನೆಯ ಫ್ರೀ ಸಾಫ್ಟ್‌ವೇರ್. ಪ್ಲೇಯರಿನಲ್ಲಿ ಓಡುವಂಥ ಡಿಸ್ಕ್ ಮಾಡಲೇ, ಕಂಪ್ಯೂಟರಿನ ಕಡತಗಳನ್ನು ಹಾಗೇ ತುಂಬಲೇ ಎಂದು ಅದು ಕೇಳಿತ್ತು. ಅವಸರದಲ್ಲಿ ನಾನು ಎರಡನೆಯದಕ್ಕೆ ಹೂಂ ಅಂದಿದ್ದೆ. ಹೂವಿಲ್ಲ, ಶಹನಾಯಿಯಿಲ್ಲ. ನೀಲಿ ಪರದೆಯ ಮೇಲೆ ಬರೀ ಇಂಗ್ಲಿಷ್ ಅಕ್ಷರ, ಅಂಕಿ, ಒಂದರ ಕೆಳಗೊಂದು ಸಾಲು.

ಅತ್ತೆಯವರು ಪೂಜೆ ಬರುತ್ತದೆಂದು ಸೆರಗು ತಲೆಗೆ ಹೊದ್ದು ಕೈ ಮುಗಿದು ಕುಳಿತಿದ್ದರು. ಐದು ನಿಮಿಷ ನೋಡಿ ಕೇಳಿದರು: "ಪೂಜಿ ಎಲ್ಲದರಿ?"

ಮಾವನವರು ಕನ್ನಡಕ ಏರಿಸಿ ಪ್ರತಿ ಸಾಲನ್ನೂ ಮೇಲಿನಿಂದ ಕೆಳಗಿನವರೆಗೆ ಓದಿದರು. "ಇದು ಹಾಜರಿ ಪಟ್ಟಿ. ಪೂಜಿ ಗೈರಹಾಜರ್ ಅದ."

ತಾಂಡೂರಿನ ಫರಸಿ

ಆ ಉಪ್ಪಿನಕಾಯಿ ನನಗೆ ಅರಗಲಿಲ್ಲ. ಏನಾದರಾಗಲಿ, ಅವನ ಸಾಫ್ಟ್‌ವೇರಿನ ಹೆಸರು ನೋಡಿಯೇ ಬರಬೇಕೆಂದು ಹೊರಟೆ. ಬಚ್ಚಲಿಗೆ ಹಾಸುವ ಫರಸಿ ನೋಡಿ ಬರುತ್ತೇನೆಂದು ಹೆಂಡತಿಗೆ ಹೇಳಿದೆ. ಫರಸಿ ಕಲ್ಲಿಗೆ ತಾಂಡೂರ್ ಹೆಸರಾದ ಊರು, ಅವಳಿಗೆ ಅನುಮಾನ ಬರಲಿಲ್ಲ. ಅಂಗಡಿಗೆ ಹೋಗಿ ಷಡ್ಡಕನಿಗೂ ಅದನ್ನೇ ಹೇಳಿದೆ.

ಅವನು ಚಹಾ ತರಲು ಎದ್ದ. ಏಳುವ ಮೊದಲು ಕಂಪ್ಯೂಟರಿಗೆ ಬೀಗ ಹಾಕಿ ಹೋದ. ಪಾಸ್‌ವರ್ಡ್ ಕೇಳುತ್ತಿತ್ತು. ಅವನ ಹೆಂಡತಿಯ ಹೆಸರು ಒತ್ತಿದೆ, ಆಗಲಿಲ್ಲ. ಮಗಳ ಹೆಸರು ಒತ್ತಿದೆ, ಆಗಲಿಲ್ಲ. ಅವನ ಊರದೇವರ ಹೆಸರಿಗೂ ಜಗ್ಗಲಿಲ್ಲ. ಯಾವುದೋ ಕೆಟ್ಟ ಯೋಚನೆ ಬಂದು ಮಾವನವರ ಹೆಸರು ಒತ್ತಿದೆ, ತಟ್ಟನೆ ತೆರೆಯಿತು! ಇವನು ಸುಮ್ಮನೆ ಮೆಚ್ಚಿನ ಅಳಿಯ ಆಗಿಲ್ಲ ಎಂದು ಹಲ್ಲು ಕಡಿದೆ.

ಕಡಿಯುವುದರಲ್ಲೇ ಹೊತ್ತು ಹೋಯಿತು. ತಲೆ ಎತ್ತಿದರೆ ಎರಡೂ ಕೈಯಲ್ಲಿ ಗ್ಲಾಸ್ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ.

"ಅಣ್ಣೋರೆ," ಎಂದ ಬಹಳ ಮರ್ಯಾದೆಯಿಂದ, "ಫರಸಿ ಅದರೊಳಗ ಸಿಗೂದಿಲ್ರಿ. ಹೊರಗಿನ ರೋಡಿಗಿ ಅದಾವ."

ಮುತ್ಯಾನ ಕ್ಯಾಸೆಟ್

ಮಾವನವರ ತಂದೆಯನ್ನು ಎಲ್ಲರೂ ಮುತ್ಯಾ ಎನ್ನುತ್ತಿದ್ದರು. ತತ್ವಪದ ಹಾಡಲು ನಿಂತರೆ ಸುತ್ತಲಿನ ಹಳ್ಳಿಯವರು ಬಂದು ಕೂರುತ್ತಿದ್ದರಂತೆ. ಅವರು ಹೋಗಿ ಬಹಳ ವರ್ಷವಾಗಿತ್ತು. ಅವರು ಹಾಡಿದ್ದು ಉಳಿದದ್ದು ಒಂದೇ ಒಂದು ಹಳೆಯ ವಿಡಿಯೋ ಕ್ಯಾಸೆಟ್ಟಿನಲ್ಲಿ. ಅದಕ್ಕೂ ಬೂಸು ಹಿಡಿಯತೊಡಗಿತ್ತು.

ಮಾವನವರು ಇಬ್ಬರನ್ನೂ ಕರೆಸಿದರು. ಕ್ಯಾಸೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. "ಇದೊಂದ ಉಳದದ. ಇದು ಕೆಟ್ಟರ ನಮ್ಮಪ್ಪನ ದನಿ ನನಗ ಇನ್ನ ಕೇಳಸೂದಿಲ್ಲ. ಯಾರ ಕೈಯಾಗ ಕೊಡ್ಲಿ?"

ಕ್ಯಾಸೆಟ್ಟಿನ ಮೇಲಿನ ಧೂಳನ್ನು ಧೋತರದ ತುದಿಯಿಂದ ಒರೆಸಿದರು. ನಾನು ಅವರನ್ನು ಹಾಗೆ ನೋಡಿರಲಿಲ್ಲ. ಈ ಕೆಲಸ ನನಗೇ ಸಿಗಬೇಕು ಎಂದು ಮನಸ್ಸು ಹಟ ಹಿಡಿಯಿತು. ಕ್ಯಾಸೆಟ್ ನಡೆಸುವ ಹಳೆಯ ವಿಸಿಆರ್ ನನ್ನ ಅಂಗಡಿಯಲ್ಲಿ ಇನ್ನೂ ಇತ್ತು. ಷಡ್ಡಕ ಬಾಯಿ ತೆರೆಯುವ ಮೊದಲೇ ಹೇಳಿಬಿಡಬೇಕು. ಆದರೆ ಕನ್ನಡದ ನಡುವೆ ಇಂಗ್ಲಿಷ್ ತೂರಿದರೆ ಮಾಸ್ತರರಿಗೆ ಸಿಟ್ಟು. 'ಬರ್ನ್' ಅನ್ನುವಂತಿಲ್ಲ. ಹೀಗಾಗಿ ಅಚ್ಚ ಕನ್ನಡದಲ್ಲೇ, ಎದೆ ಮುಂದೆ ಮಾಡಿ ಹೇಳಿದೆ:

"ಮಾವೋರೆ, ಮುತ್ಯಾನ್ನ ನಾನ ಸುಟ್ಟು ಕೊಡ್ತೀನ್ರಿ. ಪೂರಾ ಫುಕಟ್!"

ನಮ್ಮ ಮಂದಿಯಲ್ಲಿ ಹೋದವರನ್ನು ಕುಳ್ಳಿರಿಸಿ, ಕೈಯಲ್ಲಿ ಲಿಂಗ ಇಟ್ಟು, ವಿಭೂತಿ ಹಾಕಿ ಮಣ್ಣು ಮಾಡುತ್ತಾರೆ. ಬೆಂಕಿ ಹತ್ತಿರ ಕೂಡ ತರುವುದಿಲ್ಲ. ಅತ್ತೆಯವರು ಕೊರಳ ಲಿಂಗವನ್ನು ಗಟ್ಟಿಯಾಗಿ ಹಿಡಿದುಕೊಂಡರು. ನನ್ನ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ನಮ್ಮೊಳಗ ಸುಡೂ ಪದ್ಧತಿ ಇಲ್ರಿ," ಎಂದರು ಮಾವನವರು. "ಅದೂ ಮಣ್ಣ ಮಾಡಿ ಇಷ್ಟು ವರ್ಷ ಆದಮ್ಯಾಲ!"

ಷಡ್ಡಕ ಗಂಟಲು ಸರಿಮಾಡಿಕೊಂಡು ಮೆಲ್ಲಗೆ ಅಂದ: "ನಾ ಬರದು ಕೊಡ್ತೀನ್ರಿ ಮಾವೋರೆ."

ಡಿಸ್ಕಿಗೆ ಇಳಿಸುವ ಮಷಿನಿಗೆ ರೈಟರ್, ಅಂದರೆ ಬರೆಯುವಂಥದು, ಎಂಬ ಹೆಸರೂ ಇದೆ ಎನ್ನುವುದು ನನಗೆ ಆಗ ನೆನಪಾಯಿತು. ಕ್ಯಾಸೆಟ್ ಅವನ ಕೈಗೆ ಹೋಯಿತು. ಊರಿಗೆ ಬರುವ ಬಸ್ಸಿನಲ್ಲಿ ಹೆಂಡತಿ ನನ್ನಿಂದ ಮೂರು ಸೀಟು ಹಿಂದೆ ಹೋಗಿ ಕುಳಿತಳು.

ನಾಲ್ಕನೆಯ ದಿನ ಮಧ್ಯಾಹ್ನ ನನ್ನ ಅಂಗಡಿಯ ಮುಂದೆ ಷಡ್ಡಕ ನಿಂತಿದ್ದ. ಕೈಯಲ್ಲಿ ಟವೆಲ್ಲಿನಲ್ಲಿ ಸುತ್ತಿದ ಕ್ಯಾಸೆಟ್.

"ಅಣ್ಣೋರೆ, ಇದನ್ನ ನಡಸೂ ಮಷಿನ್ ನನ್ನ ಹತ್ರ ಇಲ್ರಿ. ನಿಮ್ಮ ಹತ್ರ ಅದ."

"ಮತ್ತ ಮಾವಗ ಅವತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ಕ್ಯಾಸೆಟ್ ನಿಮಗ ಕೊಡ್ತಿದ್ರಲ್ರಿ!"

ಅವನ ಹೊಟ್ಟೆಯಲ್ಲೂ ಕಿಚ್ಚು ಇದೆ ಎಂದು ತಿಳಿದು ನನಗೆ ಆದ ಸಂತೋಷ ಇಷ್ಟಿಷ್ಟಲ್ಲ. ಕುರ್ಚಿ ಹಾಕಿ ಕೂರಿಸಿದೆ, ಚಹಾ ತರಿಸಿದೆ. ಚಹಾ ಮುಗಿದ ಮೇಲೆ ಕರಾರು ಆಯಿತು. ಕೆಲಸ ನಾನು ಮಾಡಿಕೊಡುವುದು, ಅವನು ಸಾಫ್ಟ್‌ವೇರಿನ ಹೆಸರು ಹೇಳುವುದು. ಕೆಲಸ ಯಾರದೆಂದು ಮಾವನವರಿಗೆ ಎಂದೂ ಹೇಳುವುದಿಲ್ಲವೆಂದು ನನ್ನಿಂದ ಆಣೆ ಮಾಡಿಸಿಕೊಂಡ.

"ಈಗ ಹೆಸರು ಹೇಳ್ರಿ."

ಅವನು ನನ್ನ ಕಂಪ್ಯೂಟರಿನ ಪರದೆಯ ಮೇಲೇ ಬೆರಳಿಟ್ಟ. "ಇದರಿ. ರೈಟರ್ ತಗೊಂಡಾಗ ಜೋಡಿ ಫುಕಟ್ ಬರ್ತದಲ್ಲ, ಅದ."

"ಮತ್ತ ನನ್ನವ್ಯಾಕ ಕೆಡ್ತಾವ?"

"ನೀವು ಎಲ್ಲಕ್ಕಿಂತ ಜೋರ್ ಸ್ಪೀಡಿಗಿ ಇಡ್ತೀರಿ. ಕಡಿಮಿ ಇಟ್ಟು ಕೈ ಕಟ್ಟಿ ಕೂಡ್ರಿ."

ಇಬ್ಬರೂ ಸೇರಿ ಟೇಪಿನ ಬೂಸು ಒರೆಸಿದೆವು. ವಿಸಿಆರ್ ಎರಡು ಸಲ ಕೆಮ್ಮಿ ಓಡತೊಡಗಿತು. ಗೆರೆಗಳ ನಡುವಿನಿಂದ ಮುತ್ಯಾ ಬಂದರು, ರುಮಾಲು ಸರಿಮಾಡಿಕೊಂಡರು, ಹಾಡಿದರು. ಹಾಡು ಮುಗಿಯುವವರೆಗೆ ನನಗೆ ಯಾರ ಮೇಲೂ ಹೊಟ್ಟೆಕಿಚ್ಚು ಇರಲಿಲ್ಲ. ಎಲ್ಲಕ್ಕಿಂತ ಕಡಿಮೆ ಸ್ಪೀಡಿಗೆ ಇಟ್ಟು, ಡಿಸ್ಕ್ ಹೊರಗೆ ಬರುವವರೆಗೆ ಕೈ ಕಟ್ಟಿ ಕುಳಿತೆ. ಒಂದು ಚುಕ್ಕೆಯೂ ಕೆಡಲಿಲ್ಲ.

ಆ ಭಾನುವಾರ ನಾರಾಯಣಖೇಡದಲ್ಲಿ ಮನೆ ತುಂಬಾ ಜನ. ಷಡ್ಡಕ ಡಿಸ್ಕ್ ಹಾಕಿದ. ಮುತ್ಯಾ ಹಾಡಿದರು. ಮಾವನವರು ಟಿವಿಯ ಹತ್ತಿರ ಹೋಗಿ ನೆಲದ ಮೇಲೆ ಕುಳಿತರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಮುಗಿದ ಮೇಲೆ ಎದ್ದು ಷಡ್ಡಕನ ಬೆನ್ನು ಸವರಿದರು. "ಎಷ್ಟು ಛಂದ ಬರದೀರಿ! ನಮ್ಮಪ್ಪ ಮನಿಗಿ ಬಂದಂಗ ಆತು."

ಷಡ್ಡಕ ನನ್ನ ಕಡೆ ನೋಡಿದ. ಆಣೆ ನೆನೆದು ನಾನು ಗೋಡೆಯ ಕಡೆ ನೋಡಿದೆ. ನಾಲಿಗೆ ತುದಿಗೆ ಬಂದ ಮಾತನ್ನು ಹಲ್ಲಿನಿಂದ ಹಿಡಿದು ನಿಲ್ಲಿಸಿದ್ದೆ.

ಆಗ ಮಾವನವರು ನನ್ನ ಹತ್ತಿರ ಬಂದರು. ಮೊದಲ ಸಲ ನನ್ನ ಭುಜದ ಮೇಲೂ ಕೈ ಇಟ್ಟರು. ನನ್ನ ಎದೆ ಉಬ್ಬಿತು.

"ನೋಡಿದ್ರಿಲ್ಲೋ ಜಹೀರಾಬಾದ್‌ನವ್ರೆ?" ಎಂದರು ಬಹಳ ಕನಿಕರದಿಂದ. "ನಿಮ್ಮ ಕೈಯಾಗ ಕೊಟ್ಟಿದ್ರ ಸುಟ್ಟು ಬೂದಿ ಮಾಡಿ ತರ್ತಿದ್ರಿ!"