ಬೊಗಳಿದರೆ ಮನೆ ಖಾಲಿ

ಹಲ್ಲುಜ್ಜುವ ಹೊತ್ತಿಗೆ ಮನೆ ಓನರಮ್ಮನ ಫೋನು ಬಂದರೆ ಯಾವ ಬಾಡಿಗೆದಾರನ ಎದೆ ತಾನೇ ಧಸಕ್ಕೆನ್ನುವುದಿಲ್ಲ? ಬ್ರೇಕ್ ಮೇಷ್ಟ್ರು ಬಾಯಲ್ಲಿ ನೊರೆ ಇಟ್ಟುಕೊಂಡೇ ಫೋನೆತ್ತಿದರು.

“ನಿಮ್ಮನೆ ಗಲಾಟೆ ಬಗ್ಗೆ ಕಂಪ್ಲೇಂಟ್ ಬಂದಿದೆ. ಸಂಜೆ ಐದಕ್ಕೆ ನಾನೇ ಬಂದು ಸ್ವಲ್ಪ ಹೊತ್ತು ಕೂತ್ಕೊಂಡು ನೋಡ್ತೀನಿ. ಗಲಾಟೆ ಕೇಳಿಸ್ತೋ, ತಿಂಗಳ ಕೊನೆಗೆ ಖಾಲಿ ಮಾಡ್ಬೇಕು,” ಎಂದವರೇ ಓನರಮ್ಮ ಫೋನಿಟ್ಟರು. ಕಂಪ್ಲೇಂಟ್ ಕೊಟ್ಟವರು ಯಾರು ಅಂತ ಕೇಳುವುದಕ್ಕಾದರೂ ಬಿಡಬೇಡವೇ? ಸ್ವಂತ ಮನೆ ಇದ್ದವರ ದರ್ಬಾರೇ ಹೀಗೆ.

ಮೇಷ್ಟ್ರು ನೊರೆ ಉಗುಳಿ, ನಡುಮನೆಗೆ ಬಂದು ನಾಯಿಯನ್ನು ದುರುಗುಟ್ಟಿ ನೋಡಿದರು. ಒಂದು ಕಿವಿ ಮಡಚಿಕೊಂಡಿದ್ದ ಆ ಕಂದು ನಾಯಿ ಏನೂ ತಿಳಿಯದೆ ಬಾಲ ಅಲ್ಲಾಡಿಸಿತು. ಈ ಮನೆ ಸಿಗಬೇಕಾದರೆ ಮೇಷ್ಟ್ರ ಚಪ್ಪಲಿ ಸವೆದಿತ್ತು. ನಾಯಿ ಇದೆ ಎಂದ ಕೂಡಲೇ ಮುಖದ ಮೇಲೆ ಬಾಗಿಲು ಹಾಕಿಕೊಂಡವರು ಎಷ್ಟು ಜನ! ಇದೂ ಕೈತಪ್ಪಿದರೆ ಹೆಂಡತಿ, ನಾಯಿ, ಗಂಟುಮೂಟೆ ಎಲ್ಲವನ್ನೂ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ತುಂಬಿಕೊಂಡು ಅಲ್ಲೇ ಸಂಸಾರ ಹೂಡಬೇಕು. ಆ ಕಾರಿನಲ್ಲಿ ಕಲಿಯುವವರ ಪಕ್ಕ ಕೂತು ದಿನವಿಡೀ “ಬ್ರೇಕ್! ಬ್ರೇಕ್!” ಎನ್ನುವುದೇ ಅವರ ಕಸುಬು. ಆ ಹೆಸರೂ ಹಾಗೆಯೇ ಬಂದದ್ದು.

“ಎಲ್ಲಾ ನಿನ್ನಿಂದ ಕಣೋ! ಇವತ್ತು ಬಾಯಿ ಬಿಟ್ಯೋ, ಹುಷಾರ್!” ಎಂದು ಮೇಷ್ಟ್ರು ಗದರಿದರು. ನಾಯಿ ಗಾಬರಿಯಾಗಿ ಬೊಗಳಿತು.

ಹೆಂಡತಿ ಅಡುಗೆಮನೆಯಲ್ಲಿ ನಾಯಿಗೆ ಬಿಸ್ಕತ್ತು ಮಾಡುತ್ತಿದ್ದಳು. ಗೋಧಿಹಿಟ್ಟು, ಕ್ಯಾರೆಟ್ ತುರಿ, ಒಂದಿಷ್ಟು ಒಣಮೀನಿನ ಪುಡಿ ಕಲಸಿ ಓವನ್ನಿನಲ್ಲಿ ಬೇಯಿಸಿದರೆ ಬೀದಿಗೆಲ್ಲ ಘಮ. ತಟ್ಟೆ ಹೊರಗೆ ಬರುತ್ತಲೇ ಮೇಷ್ಟ್ರ ತಲೆ ಓಡಿತು. ನಾಯಿ ಬೊಗಳಿತು, ಬಾಯಿಗೊಂದು ಬಿಸ್ಕತ್ತು ತುರುಕಿದರು. ನಾಯಿ ಗಪ್‌ಚಿಪ್.

“ನೋಡಿದ್ಯಾ? ಬೊಗಳಿದಾಗೆಲ್ಲ ಒಂದು!”

“ರೀ, ಬೊಗಳಿದಾಗ ಕೊಡಬೇಡಿ. ಸುಮ್ನಿದ್ದಾಗ ಕೊಡಿ.”

“ನಂಗೆ ಹೇಳ್ಕೊಡ್ತೀಯಾ? ಲೋಕಕ್ಕೆಲ್ಲ ಕಲಿಸೋನು ನಾನು!”

ಅವಳು ಒಳಗೆ ಹೋದಳು.

ಮಧ್ಯಾಹ್ನದ ಹೊತ್ತಿಗೆ ನಾಯಿ ಪಾಠವನ್ನು ಅರೆದು ಕುಡಿದಿತ್ತು. ಬೊಗಳಿದರೆ ಬಿಸ್ಕತ್ತು, ಇಷ್ಟು ಸುಲಭದ ಸಂಪಾದನೆ ಯಾರಿಗುಂಟು? ಗೋಡೆ ನೋಡಿ ಬೊಗಳಿತು, ಫ್ಯಾನ್ ನೋಡಿ ಬೊಗಳಿತು, ಕೊನೆಗೆ ನೇರವಾಗಿ ಬಿಸ್ಕತ್ತಿನ ತಟ್ಟೆಯನ್ನೇ ನೋಡಿಕೊಂಡು ಬೊಗಳಿತು. ಇದಕ್ಕಿಂತ ದಡ್ಡರನ್ನು ಡ್ರೈವರ್ ಮಾಡಿದ ಮೇಷ್ಟ್ರಿಗೆ ಇದರ ಮುಂದೆ ಏನೂ ನಡೆಯಲಿಲ್ಲ. ಸಿಟ್ಟು ನೆತ್ತಿಗೇರಿತು.

“ಸಾಕು ನಿಲ್ಸೋ! ಬ್ರೇಕ್ ಹಾಕೋ ಬಾಯಿಗೆ!”

ಬಾಗಿಲು ತಟ್ಟಿದ ಸದ್ದಾಯಿತು. ಕೆಳಗಿನ ಮನೆಯ ನರ್ಸಮ್ಮ, ರಾತ್ರಿ ಪಾಳಿ ಮುಗಿಸಿ ಬಂದವರು, ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದರು.

“ಮೇಷ್ಟ್ರೇ, ಸ್ವಲ್ಪ ಮೆಲ್ಲಗೆ...”

“ಓಹೋ, ಕಂಪ್ಲೇಂಟ್ ಕೊಟ್ಟವರು ನೀವೇನಾ? ಈಗ ಮಜಾ ನೋಡೋಕೆ ಬಂದ್ರಾ?”

“ಈ ಬಂಗಾರದ ಮೇಲೆ ನಾನ್ಯಾಕೆ ಕಂಪ್ಲೇಂಟ್ ಕೊಡ್ಲಿ?” ಎಂದು ನರ್ಸಮ್ಮ ಕೂತು ನಾಯಿಯ ಗಲ್ಲ ಸವರಿದರು. ಅದು ಅವರ ಮಡಿಲಲ್ಲಿ ತಲೆಯಿಟ್ಟು ಕಣ್ಣು ಮುಚ್ಚಿತು. ಎಂಥ ನಾಟಕ! ಮೇಷ್ಟ್ರು ಹಲ್ಲು ಕಡಿದು ಅವರನ್ನು ಕಳಿಸಿ ಬಾಗಿಲು ಹಾಕಿಕೊಂಡರು. ಕಳ್ಳರು ಒಪ್ಪಿಕೊಳ್ಳುತ್ತಾರೆಯೇ?

ಅಷ್ಟರಲ್ಲಿ ಕಿಟಕಿಯಿಂದ ಎದುರು ಮನೆಯ ಪೋಸ್ಟ್‌ಮಾಸ್ಟರ್ ತಾತನ ಬೆಕ್ಕು ಒಳಗೆ ಇಳಿದಿತ್ತು. ದಿಂಬಿನ ಗಾತ್ರದ ಬಿಳಿ ಬೆಕ್ಕು. ಒಣಮೀನಿನ ವಾಸನೆಗೆ ಮೇಜು ಹತ್ತಿ ಬಿಸ್ಕತ್ತಿಗೆ ಬಾಯಿ ಹಾಕಿತು. ತನ್ನ ಸಂಪಾದನೆಗೆ ಕನ್ನ ಬಿದ್ದದ್ದನ್ನು ಕಂಡ ನಾಯಿ ಹಾರಿತು. ಬೆಕ್ಕು ಪರದೆ ಹಿಡಿದು ಮೇಲೇರಿತು. ಪರದೆ ಕಂಬಿ ಸಮೇತ ಕೆಳಗೆ ಬಂತು. ತಟ್ಟೆ ಉರುಳಿ ಬಿಸ್ಕತ್ತೆಲ್ಲ ನೆಲದ ಪಾಲಾಯಿತು. ಹಿಡಿಯಲು ಹೋದ ಮೇಷ್ಟ್ರು ಪರದೆಯೊಳಗೆ ಸಿಕ್ಕಿಕೊಂಡು ಮದುಮಗಳ ಹಾಗೆ ಮುಸುಕು ಹಾಕಿಕೊಂಡು ಕೂಗಾಡಿದರು.

ಸದ್ದು ಕೇಳಿ ತಾತ ಓಡಿಬಂದರು. “ಅಯ್ಯೋ ನನ್ನ ಮರೀನ ಏನ್ ಮಾಡಿದ್ರಿ?”

“ನಿಮ್ಮ ಮರಿ ನನ್ನ ಮನೆಗೆ ನುಗ್ಗಿ ಕದ್ದು ತಿಂತಿದೆ ಸ್ವಾಮೀ!”

“ನಮ್ಮ ಬೆಕ್ಕು ಕಂಡೋರ ಮನೇದು ಮುಟ್ಟೋದೇ ಇಲ್ಲ,” ಎಂದರು ತಾತ. ಬೆಕ್ಕು ಅವರ ಕಾಲ ಬುಡದಲ್ಲೇ ಕೂತು ಕಟುಂಕಟುಂ ಎಂದು ಅಗಿಯುತ್ತಿತ್ತು.

“ಕಣ್ಣು ಕಾಣಲ್ವೇನ್ರೀ? ಗೊತ್ತಾಯ್ತು ಬಿಡಿ, ಕಂಪ್ಲೇಂಟ್ ಕೊಟ್ಟವರೂ ನೀವೇ!”

“ನಾನ್ಯಾಕಪ್ಪಾ ಕೊಡ್ಲಿ? ನಿಮ್ಮನೆ ಕಡೆ ಕಿವಿ ಇಟ್ರೆ ನಂಗೆ ಟಿ.ವಿ.ನೇ ಬೇಕಾಗಲ್ಲ,” ಎಂದು ತಾತ ಬೆಕ್ಕನ್ನು ಎತ್ತಿಕೊಂಡು ಹೋದರು. ಈ ಜಗಳದ ಸಂಭ್ರಮದಲ್ಲಿ ನಾಯಿಯನ್ನು ಯಾರೂ ನೋಡಿರಲಿಲ್ಲ. ನೆಲದ ಮೇಲಿದ್ದ ಬಿಸ್ಕತ್ತನ್ನೆಲ್ಲ ಅದು ಗುಡಿಸಿದ ಹಾಗೆ ತಿಂದು ಮುಗಿಸಿತ್ತು.

ಐದಕ್ಕೆ ಓನರಮ್ಮ ಬಂದರು. ಸೋಫಾದ ನಡುವೆ ಕೂತು ಕೈಗಡಿಯಾರ ನೋಡಿಕೊಂಡರು. ಮೇಷ್ಟ್ರು ಎದುರು ಕುರ್ಚಿಯ ತುದಿಯಲ್ಲಿ ಉಸಿರು ಬಿಗಿಹಿಡಿದು ಕೂತರು. ಹೆಂಡತಿ ಕಾಫಿ ತಂದಿಟ್ಟಳು. ನಾಯಿ ಹೊಟ್ಟೆ ಉಬ್ಬಿಸಿಕೊಂಡು ಚಾಪೆಯ ಮೇಲೆ ಅಂಗಾತ ಬಿದ್ದಿತ್ತು. ಬೀದಿಯಲ್ಲಿ ಮೋಟಾರು ಹೋಯಿತು, ಬೊಗಳಲಿಲ್ಲ. ಯಾರದೋ ಮನೆಯ ಬೆಲ್ಲು ಹೊಡೆಯಿತು, ಬೊಗಳಲಿಲ್ಲ. ಆ ದರಿದ್ರ ಬೆಕ್ಕು ಕಿಟಕಿಯಲ್ಲಿ ಬಂದು ಕೂತು ಮೀಸೆ ನೆಕ್ಕಿಕೊಂಡಿತು. ನಾಯಿ ಒಂದು ಕಣ್ಣು ತೆರೆದು, ತೇಗಿ, ಮತ್ತೆ ಮುಚ್ಚಿಕೊಂಡಿತು.

ಓನರಮ್ಮ ಎದ್ದರು. “ಪರವಾಗಿಲ್ವೇ, ಸದ್ದೇ ಇಲ್ಲ. ಸರಿ, ಮುಂದುವರೀರಿ,” ಎಂದು ಚಪ್ಪಲಿ ಮೆಟ್ಟಿದರು.

ಮನೆ ಉಳಿಯಿತು! ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಬೆಳಗಿನಿಂದ ಕುದ್ದ ಹೊಟ್ಟೆಯುರಿ ಎಲ್ಲಿ ಹೋಗಬೇಕು? ನ್ಯಾಯ ಗೆದ್ದಾಗಲೂ ಬಾಯಿ ಮುಚ್ಚಿಕೊಂಡಿರಬೇಕೆಂದರೆ ಅದೆಂಥ ಲೋಕ? ಮೇಷ್ಟ್ರು ಬಾಗಿಲಿಗೆ ಧಾವಿಸಿ ಮೆಟ್ಟಿಲತ್ತ ಬಗ್ಗಿದರು.

“ಏನ್ರೀ ನರ್ಸಮ್ಮ! ಏನ್ರೀ ತಾತ! ಬನ್ರೀ ಹೊರಗೆ! ಒಂದ್ಸಲ ಬೊಗಳ್ತೇನ್ರೀ ನನ್ನ ನಾಯಿ? ಕಂಪ್ಲೇಂಟ್ ಕೊಡ್ತೀರಾ ಕಂಪ್ಲೇಂಟು? ಧೈರ್ಯ ಇದ್ರೆ ಈಗ ಎದುರಿಗೆ ಬಂದು ಹೇಳ್ರೀ!”

ಮೆಟ್ಟಿಲ ಸಾಲೆಲ್ಲ ಗುಡುಗಿತು. ಕಿಟಕಿಯಲ್ಲಿದ್ದ ಬೆಕ್ಕು ಹಾರಿ ಓಡಿತು. ಮಲಗಿದ್ದ ನಾಯಿ ಎದ್ದು ಸೋಫಾದ ಕೆಳಗೆ ತೂರಿಕೊಂಡಿತು. ಓನರಮ್ಮ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದರು. ಕೈ ಇಳಿಸಿ ಹೇಳಿದರು:

“ಕಂಪ್ಲೇಂಟ್ ಬಂದಿದ್ದು ಇದಕ್ಕೇ ಮೇಷ್ಟ್ರೇ.”

“ಯಾವುದಕ್ಕೆ?” ಮೇಷ್ಟ್ರು ಅದನ್ನೂ ಕೂಗಿಯೇ ಕೇಳಿದರು.

“ನಿಮ್ಮ ಗಂಟಲಿಗೆ. ನಾಯಿ ಪಾಪ ಏನ್ ಮಾಡಿದೆ? ಅದು ಇಲ್ಲೇ ಇರಲಿ. ನೀವು ತಿಂಗಳ ಕೊನೆಗೆ ಜಾಗ ಖಾಲಿ ಮಾಡಿ.”

“ಯಾರು? ಯಾರ್ರೀ ಅದು ಕಂಪ್ಲೇಂಟ್ ಕೊಟ್ಟಿದ್ದು?”

“ಇನ್ಯಾರು, ನಿಮ್ಮ ಮನೆಯವರೇ. ಮೊನ್ನೆ ನನ್ನ ಹತ್ರ ಬಂದು ಅತ್ತೇಬಿಟ್ರು.”

ಮೇಷ್ಟ್ರು ತಿರುಗಿ ನೋಡಿದರು. ಹೆಂಡತಿ ಸೋಫಾದ ಪಕ್ಕ ಮಂಡಿಯೂರಿ, ನಡುಗುತ್ತಿದ್ದ ನಾಯಿಯ ಬೆನ್ನು ಸವರುತ್ತಿದ್ದಳು.

“ನೀನಾ?” ಮದುವೆಯಾದ ಮೇಲೆ ಅವರು ಪಿಸುಗುಟ್ಟಿದ್ದು ಅದೇ ಮೊದಲು.

“ನೀವು ಕೂಗಿದಾಗೆಲ್ಲ ಇದು ಹೀಗೇ ನಡುಗುತ್ತೆ ರೀ. ಎಷ್ಟು ಸಲ ಹೇಳ್ದೆ, ಕೇಳಿದ್ರಾ?” ಎಂದಳು ಅವಳು. ಅವಳಿಗೂ ಮನಸ್ಸು ಕರಗಿರಬೇಕು, ಸಮಾಧಾನ ಹೇಳಿದಳು. “ಚಿಂತೆ ಮಾಡಬೇಡಿ. ನಿಮಗೆ ರೂಮು ಬೇಗ ಸಿಗುತ್ತೆ. ಜೊತೆಗೆ ನಾಯಿ ಇರಲ್ವಲ್ಲ.”