ಮದ್ದು ಕಾಣದ ಬಂಗುಡೆ

ಸಿಗಡಿ ಸಿಪ್ಪೆಯಿಂದ ಬ್ಯಾಕ್ಟೀರಿಯಾ ಕೊಲ್ಲುವ ಮದ್ದು ಮಾಡುತ್ತೇನೆಂದು ಲಿಯೋನೆಲ್ ಹೊರಟದ್ದೇ ತಪ್ಪಾಯಿತು. ಮಣಿಪಾಲದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ ಈ ಬಡಪಾಯಿ ಕಾಪುವಿನ ಕಡಲತೀರದಿಂದ ಗೋಣಿಗಟ್ಟಲೆ ಸಿಪ್ಪೆ ತಂದು ಲ್ಯಾಬಿನಲ್ಲಿ ಕುದಿಸಿದ. ನಾತ ತಾಳದೆ ಸಹೋದ್ಯೋಗಿಗಳು ಅವನನ್ನೂ ಗೋಣಿಯನ್ನೂ ಒಟ್ಟಿಗೇ ಲ್ಯಾಬಿನಿಂದ ಹೊರಗೆ ಹಾಕಿದರು. ಆಮೇಲಿನ ಸಂಶೋಧನೆಯೆಲ್ಲ ಬನ್ನಂಜೆಯ ಬಾಡಿಗೆ ಕೋಣೆಯಲ್ಲಿ.

ವಿಭಾಗದ ಮುಖ್ಯಸ್ಥ ಮುದ್ದಣ್ಣ ಶೆಟ್ಟರು ಕೊನೆಯ ಅವಕಾಶ ಕೊಟ್ಟಿದ್ದರು. ಶನಿವಾರ ತಾವೇ ಬಂದು ನೋಡುತ್ತಾರೆ. ಮದ್ದು ಕೆಲಸ ಮಾಡಿದ್ದರೆ ಪಿಎಚ್‌ಡಿ, ಇಲ್ಲದಿದ್ದರೆ ಸಿಪ್ಪೆಯ ಸಹವಾಸ ಬಿಡಬೇಕು. ಲಿಯೋನೆಲ್ ಶುಕ್ರವಾರವೇ ಎರಡು ಬಂಗುಡೆ ಮೀನು ತಂದು, ಒಂದನ್ನು ಮದ್ದಿನಲ್ಲಿ ಅದ್ದಿ, ಇನ್ನೊಂದನ್ನು ಹಾಗೆಯೇ ಬಟ್ಟಲಲ್ಲಿಟ್ಟ. ಮದ್ದು ಕಂಡದ್ದು ಉಳಿಯಬೇಕು, ಕಾಣದ್ದು ಕೊಳೆಯಬೇಕು.

ಕೊಳೆಯುವುದರಲ್ಲಿ ಮದ್ದು ಕಾಣದ ಮೀನೇನೂ ಹಿಂದೆ ಬೀಳಲಿಲ್ಲ. ಶನಿವಾರ ಬೆಳಿಗ್ಗೆ ಇಡೀ ಬನ್ನಂಜೆಗೆ ಗೊತ್ತಾಗುವಂತೆ ನಾರತೊಡಗಿತು. ಪಕ್ಕದ ಅಂಗಡಿಯ ಕುಂಞಾಲಿ ಫಿನಾಯಿಲ್ ಹಿಡಿದು ಬಂದ. ಹಿಂದಿನ ಮನೆಯ ಮೇಬಲ್ ಯಾರಾದರೂ ತೀರಿಕೊಂಡರೇ ಎಂದು ವಿಚಾರಿಸಿದಳು. ಕಿಟಕಿಯಲ್ಲಿ ಬೆಕ್ಕುಗಳು ಸಭೆ ಸೇರಿದವು. ಲಿಯೋನೆಲ್ ಮಾತ್ರ ಬೆಕ್ಕು ಓಡಿಸಲು ಒಂದು ಕೈಯಲ್ಲಿ ಕಸಗುಡಿಸುವ ಹಿಡಿಸೂಡಿ, ಇನ್ನೊಂದರಲ್ಲಿ ಮೂಗು ಹಿಡಿದು, ಹೆಣ್ಣು ನೋಡಲು ಹೊರಟವನಂತೆ ಹಿಗ್ಗುತ್ತಿದ್ದ.

ಶೆಟ್ಟರ ಫಿಯೆಟ್ ಕಾರಿಗೆ ದಾರಿ ತೋರಿಸಲು ಒಂದು ಗಂಟೆ ಮೊದಲೇ ರಸ್ತೆಗೆ ಹೋಗುವಾಗ ಬೀಗದ ಕೈಯನ್ನು ಮನೆಯೊಡತಿ ಬರ್ತಾ ಬಾಯಿಗೆ ಕೊಟ್ಟ. ದೊಡ್ಡ ಸಾಹೇಬರು ಈ ಮೀನು ನೋಡಲೆಂದೇ ಬರುತ್ತಿದ್ದಾರೆ, ಬೆಕ್ಕು ನುಗ್ಗದಂತೆ ನೋಡಿಕೊಳ್ಳಿ ಎಂದು ಕೈಮುಗಿದ.

ಶೆಟ್ಟರು ಬಂದಾಗ ಕೋಣೆಯಲ್ಲಿ ಊದುಬತ್ತಿಯ ಪರಿಮಳ. ಮದ್ದಿನ ಬಂಗುಡೆಯ ಕಿವಿರು ಎತ್ತಿ ನೋಡಿ, ಪರವಾಗಿಲ್ಲ ಎಂದರು. ಮದ್ದಿಲ್ಲದ್ದರ ಕಿವಿರು ಎತ್ತಿದರೆ ಕೆಂಪು ಕೆಂಪು. ಲಿಯೋನೆಲನ ಬಾಯಿ ಆ ಮೀನಿನ ಬಾಯಿಯಷ್ಟೇ ತೆರೆದುಕೊಂಡಿತು.

"ಮದ್ದು ಹಾಕದ್ದೇ ಹೆಚ್ಚು ತಾಜಾ ಉಂಟಲ್ಲ ಮಾರಾಯ," ಎಂದರು ಶೆಟ್ಟರು. "ಮೀನು ಆರಿಸಲು ನಿನಗೆ ಚೆನ್ನಾಗಿ ಬರುತ್ತದೆ. ಸಿಪ್ಪೆ ಬಿಡು. ಸೋಮವಾರದಿಂದ ಹಾಸ್ಟೆಲಿನ ಮೆಸ್ ನೋಡಿಕೋ."

ಫಿಯೆಟ್ ಮಣಿಪಾಲದ ಕಡೆ ತಿರುಗಿ ಮರೆಯಾದ ಮೇಲೆ ಬರ್ತಾ ಬಾಯಿ ಹೆಮ್ಮೆಯಿಂದ ಹತ್ತಿರ ಬಂದರು.

"ದೊಡ್ಡವರಿಗೆ ಕೊಳೆತ ಮೀನು ತೋರಿಸಿದರೆ ನಮ್ಮ ಮನೆಯ ಮರ್ಯಾದೆ ಎಂತ ಆಗಬೇಕು ಬಾಬ? ಅದನ್ನು ಬೆಕ್ಕಿಗೆ ಹಾಕಿ ಮಾರ್ಕೆಟಿನಿಂದ ಹೊಸತು ತಂದಿಟ್ಟೆ."

ಲಿಯೋನೆಲ್ ಸಿಪ್ಪೆಯ ಗೋಣಿಯ ಮೇಲೆ ಕೂತ. ಮದ್ದು ಹಾಕಿದ ಇನ್ನೊಂದನ್ನೂ ಬದಲಿಸಿದಿರಾ ಎಂದು ಕೇಳಿದ.

"ಅದನ್ನು ಯಾಕೆ ಬದಲಿಸುವುದು? ಮೂಸಿ ನೋಡಿದೆ," ಎಂದರು ಬರ್ತಾ ಬಾಯಿ. "ನಿನ್ನೆಯ ಮೀನಾದರೂ ಅದಕ್ಕೆ ಎಂತದೂ ಆಗಿರಲಿಲ್ಲ."